ಒಂದು ಥೌ, ಎರಡು ಲಕ್ಷ ಡಾಲರ್

ಕಾರ್ಲ್ ಲಾಂಗ್ ಎಂಬ ಹೆಸರನ್ನು ಇಲ್ಲಿ ಓದುವವರಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ರಾಕ್ಸ್‌ಬರೊ ಊರಿನವರು. ರಸ್ತೆ ಕಾರಿನ ರೂಪದ ಗಾಡಿಗಳು ಓಡುವ ಸ್ಟಾಕ್ ಕಾರ್ ರೇಸಿನ ಚಾಲಕ, ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗುವ ಮೆಕ್ಯಾನಿಕ್ಕೂ ಹೌದು. ಅಲ್ಲಿ ಈ ರೇಸುಗಳನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್. ಅದರ ಎಲ್ಲಕ್ಕಿಂತ ಮೇಲಿನ ಹಂತವಾದ ಕಪ್ ಸರಣಿಯಲ್ಲಿ ಇಡೀ ಋತು ಓಡಿಸುವ ಭಾಗ್ಯ ಅವರಿಗೆ ಯಾವತ್ತೂ ಬರಲಿಲ್ಲ. ಈ ವಾರ ಒಂದು ತಂಡದ ಕಾರು, ಮುಂದಿನ ತಿಂಗಳು ಇನ್ನೊಬ್ಬರದ್ದು, ನಡುವೆ ದುಡ್ಡು ಹೊಂದಿಸಿಕೊಂಡರೆ ಸ್ವಂತದ್ದು. ಹೀಗೆ ಆಯ್ದ ಓಟಗಳಿಗಷ್ಟೇ ಇಳಿಯುವವರನ್ನು ಅಲ್ಲಿ ಪಾರ್ಟ್ ಟೈಮ್ ಡ್ರೈವರ್ ಎನ್ನುತ್ತಾರೆ. ಲೈಸೆನ್ಸು ವೃತ್ತಿಪರರದ್ದೇ, ನಿಯಮಗಳೂ ಅವೇ, ದಂಡವೂ ಅಷ್ಟೇ. ಆ ದಂಡದ ಕತೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ನನ್ನ ಕಸುಬಿಗೆ ನೇರ ತಾಗುವ ವಿಷಯ.

2009ರ ಮೇ ತಿಂಗಳು, ಶಾರ್ಲೆಟ್ ಟ್ರ್ಯಾಕಿನಲ್ಲಿ ಆಲ್ ಸ್ಟಾರ್ ಓಟದ ವಾರ. ಅಭ್ಯಾಸದ ವೇಳೆ ಲಾಂಗ್ ಅವರ ಎಂಜಿನ್ ಕೈಕೊಟ್ಟಿತು. ಬೇರೊಂದು ಕೂರಿಸಿದರು. ಇಳಿಸಿದ ಎಂಜಿನನ್ನು ನ್ಯಾಸ್ಕಾರಿನವರು ಬಿಚ್ಚಿ ಅಳೆದರು. ಸಿಲಿಂಡರುಗಳ ಒಟ್ಟು ಗಾತ್ರಕ್ಕೆ ನಿಯಮದ ಮಿತಿ 358 ಘನ ಅಂಗುಲ, ಅಂದರೆ ಸುಮಾರು 5.87 ಲೀಟರ್. ಅಳತೆಗೆ ಸಿಕ್ಕಿದ್ದು 358.17. ತಂಡದ ಕ್ರೂ ಚೀಫ್, ಅಂದರೆ ಕಾರಿನ ಕೆಲಸದ ಮುಖ್ಯಸ್ಥನ ಹೆಸರಿಗೆ 2,00,000 ಡಾಲರ್ ದಂಡ ಬಿತ್ತು. ನ್ಯಾಸ್ಕಾರ್ ಅಲ್ಲಿಯವರೆಗೆ ಹಾಕಿದ್ದರಲ್ಲಿ ಅದೇ ಅತಿ ದೊಡ್ಡದು. ಲಾಂಗ್ ಅವರಿಗೆ 12 ಓಟಗಳ ನಿಷೇಧ. ಮೇಲ್ಮನವಿ ಹಾಕಿದ ಮೇಲೆ ನಿಷೇಧ 8 ಓಟಕ್ಕೆ ಇಳಿಯಿತು, ದಂಡದಲ್ಲಿ ಒಂದು ಕಾಸೂ ಇಳಿಯಲಿಲ್ಲ.

ಕಾಸರಗೋಡಿನ ಬದಿಯಡ್ಕದಲ್ಲಿ ನಮ್ಮದು ಲೇತ್ ಮತ್ತು ರೀಬೋರಿಂಗ್ ಕೆಲಸ, ಅಂದರೆ ಸವೆದ ಸಿಲಿಂಡರನ್ನು ಮತ್ತೆ ಕೊರೆದು ಸರಿಮಾಡುವುದು. ಅಡಿಕೆ ತೋಟದ ಡೀಸೆಲ್ ಪಂಪಿನಿಂದ ಹಿಡಿದು ಜೀಪು, ಪಿಕಪ್, ಆಟೋರಿಕ್ಷಾದವರೆಗೆ ಎಂಜಿನ್ ಬ್ಲಾಕುಗಳು ಬರುತ್ತವೆ. ಹಾಗಾಗಿ 0.17 ಎಂಬ ಅಂಕೆ ಓದಿದ ಕೂಡಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. 0.17 ಘನ ಅಂಗುಲ ಅಂದರೆ 2.8 ಸಿಸಿ. ವಿ8 ಎಂಜಿನ್ನಿನ ಎಂಟು ಸಿಲಿಂಡರಿಗೆ ಹಂಚಿದರೆ ಒಂದೊಂದಕ್ಕೆ 0.35 ಸಿಸಿ. ಆ ಎಂಜಿನ್ನುಗಳ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, ಸುಮಾರು 106 ಮಿ.ಮೀ. ಪಿಸ್ಟನ್ ಓಡುವ ದೂರ, ಸ್ಟ್ರೋಕ್, ಇದ್ದ ಹಾಗೇ ಇದ್ದು ಬೋರು ಮಾತ್ರ ಹೆಚ್ಚಾದದ್ದು ಎಂದಿಟ್ಟುಕೊಂಡರೆ, ವ್ಯಾಸದಲ್ಲಿ ಬಂದ ವ್ಯತ್ಯಾಸ 0.025 ಮಿ.ಮೀ. ನಮ್ಮ ಲೇತಿನವರ ಭಾಷೆಯಲ್ಲಿ ಒಂದು ಥೌ, ಅಂಗುಲದ ಸಾವಿರದಲ್ಲೊಂದು ಪಾಲು.

ಒಂದು ಥೌ ಎಷ್ಟು ಎಂದು ಗೊತ್ತಾಗಬೇಕಾದರೆ ಡಯಲ್ ಗೇಜನ್ನು ಬೋರಿನೊಳಗೆ ಇಳಿಸಿ ನೋಡಬೇಕು. ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆ ಸಹ ಹೆಚ್ಚಾಗಿ ಅದಕ್ಕಿಂತ ದಪ್ಪ. ಎರಕದ ಕಬ್ಬಿಣದ ಬ್ಲಾಕು ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಆ ಗಾತ್ರದ ಬೋರು ಹಿಗ್ಗುವುದೇ ಅಷ್ಟು. ಮಾರ್ಚ್ ಏಪ್ರಿಲಿನಲ್ಲಿ ಪಿಕಪ್ಪಿನ ಹಿಂದೆ ಬಿಸಿಲಲ್ಲಿ ಕಾದು ಬಂದ ಬ್ಲಾಕಿಗೆ ನಾನು ಆಗಲೇ ಗೇಜ್ ಹಾಕುವುದಿಲ್ಲ. ರಾತ್ರಿಯಿಡೀ ತಣಿಯಲು ಬಿಟ್ಟು ಬೆಳಿಗ್ಗೆ ಅಳೆಯುತ್ತೇನೆ. ಗಿರಾಕಿಗಳು ಗಡಿಬಿಡಿ ಮಾಡುತ್ತಾರೆ, ಮಾಡಲಿ. ಇನ್ನು ರಿಂಗ್ ಉಜ್ಜಿ ಉಜ್ಜಿ ಸವೆದ ಬೋರಿನಲ್ಲಿ ಮೇಲೊಂದು ಅಳತೆ ಕೆಳಗೊಂದು ಅಳತೆ ಬರುವುದು ದಿನನಿತ್ಯ ಕಾಣುವ ಸಂಗತಿ. ನ್ಯಾಸ್ಕಾರಿನವರು ಸರಿಯಾದ ಶಾಖದಲ್ಲಿ, ಸರಿಯಾದ ಉಪಕರಣದಲ್ಲೇ ಅಳೆದಿರುತ್ತಾರೆ, ಅದರಲ್ಲಿ ಸಂಶಯವಿಲ್ಲ. ಮಿತಿ ಎಂದರೆ ಮಿತಿಯೇ. ಆದರೆ ಆ ಒಂದು ಥೌನಿಂದ ಸಿಗುವ ಶಕ್ತಿ ಎಷ್ಟು? ಒಟ್ಟು ಗಾತ್ರದಲ್ಲಿ ಶೇಕಡ 0.05ಕ್ಕೂ ಕಡಿಮೆ. ದೊಡ್ಡ ತಂಡವಾದರೆ ಮುಂದಿನ ಭಾನುವಾರಕ್ಕೆ ದಂಡ ಕಟ್ಟಿ ಮತ್ತೆ ಬರುತ್ತದೆ. ಲಾಂಗ್ ಅವರಲ್ಲಿ ಅಷ್ಟು ದುಡ್ಡಿರಲಿಲ್ಲ. ದಂಡ ಬಾಕಿ ಇರುವವರಿಗೆ ಕಪ್ ಗ್ಯಾರೇಜಿನ ಬಾಗಿಲು ಮುಚ್ಚಿದ ಹಾಗೆಯೇ. ವರ್ಷಗಟ್ಟಲೆ ಕೆಳಗಿನ ಸರಣಿಗಳಲ್ಲೇ ದುಡಿದು, ಅಲ್ಲಿ ಸಣ್ಣದೊಂದು ತಂಡ ಕಟ್ಟಿಕೊಂಡು, 2017ರಲ್ಲಿ ಅವರು ಕಪ್ ಸರಣಿಗೆ ಮರಳಿದರು.

ಈ ಆಟದಲ್ಲಿ ನನಗೆ ಇಂಥವರ ಮೇಲೆಯೇ ಹೆಚ್ಚು ಪ್ರೀತಿ. ವರ್ಷವಿಡೀ ಓಡಿಸುವ ಚಾಂಪಿಯನ್ನನಿಗೆ ಇವತ್ತು ತಪ್ಪಿದರೆ ಮುಂದಿನ ವಾರ ಇದೆ. ಪಾರ್ಟ್ ಟೈಮಿನವನಿಗೆ ಮುಂದಿನ ವಾರ ಇಲ್ಲ. ಅವನ ಒಂದೊಂದು ಸುತ್ತೂ ದುಬಾರಿ. ಆದ್ದರಿಂದ ಅವನ ಕೆಲಸವನ್ನು ಅಂಕಪಟ್ಟಿಯಲ್ಲಿ ಅವನಿರುವ ಸ್ಥಾನ ನೋಡಿ ಅಳೆಯುವುದನ್ನು ನಾನು ಒಪ್ಪುವುದಿಲ್ಲ.

ಈ ಆಟ ಶುರುವಾದದ್ದೂ ಇಂಥವರೊಬ್ಬರ ಗೆಲುವಿನಿಂದ. ನ್ಯಾಸ್ಕಾರ್ ಹುಟ್ಟಿದ್ದು 1948ರಲ್ಲಿ. ಇವತ್ತಿನ ಕಪ್ ಸರಣಿಯ ಮೊದಲ ಓಟ ನಡೆದದ್ದು 1949ರ ಜೂನ್ 19ರಂದು, ಶಾರ್ಲೆಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ. ಗುರಿ ಮೊದಲು ಮುಟ್ಟಿದವರು ಗ್ಲೆನ್ ಡನವೇ. ತಪಾಸಣೆಯಲ್ಲಿ ನೋಡಿದರೆ ಹಿಂದಿನ ಸ್ಪ್ರಿಂಗಿಗೆ ಬಲ ಕೊಟ್ಟಿದ್ದರು. ಕಳ್ಳಭಟ್ಟಿ ಸಾಗಿಸುವ ಕಾರುಗಳಲ್ಲಿ ಭಾರಕ್ಕೆ ಹಿಂಭಾಗ ಕುಸಿಯದ ಹಾಗೆ ಮಾಡುತ್ತಿದ್ದ ಕೆಲಸ ಅದು. ಅವರನ್ನು ಅನರ್ಹ ಮಾಡಿ, ಕಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರ್ ಗೆದ್ದರೆಂದು ಘೋಷಿಸಿದರು. ರೋಪರ್ ಈ ಸರಣಿಯಲ್ಲಿ ಜೀವಮಾನದಲ್ಲಿ ಓಡಿಸಿದ್ದು ಎರಡೇ ಓಟ.

ಈಗ ಸ್ಟಾರ್ಟ್ ಆಂಡ್ ಪಾರ್ಕ್, ಅಂದರೆ ಓಟ ಶುರು ಮಾಡಿ ಬೇಗನೆ ನಿಲ್ಲಿಸಿಬಿಡುವ ವಿಷಯಕ್ಕೆ ಬರುತ್ತೇನೆ. 2009ರಿಂದ ನಾಲ್ಕೈದು ವರ್ಷ ನ್ಯಾಸ್ಕಾರ್ ನೋಡಿದವರಿಗೆಲ್ಲ ಇದರ ಮೇಲೆ ಸಿಟ್ಟು. ಆಗ ಕಪ್ ಓಟದಲ್ಲಿ 43 ಕಾರುಗಳು. 43ನೆಯವನಿಗೂ ಹತ್ತಾರು ಸಾವಿರ ಡಾಲರ್ ಬಹುಮಾನ ಇತ್ತು. ಆರ್ಥಿಕ ಹಿಂಜರಿತದಿಂದ ಸ್ಪಾನ್ಸರುಗಳು ಕೈಬಿಟ್ಟ ಕಾಲ. ಸಣ್ಣ ತಂಡಗಳು ಅರ್ಹತಾ ಸುತ್ತಿನಲ್ಲಿ ಜೀವ ಬಿಟ್ಟು ಓಡಿಸಿ ಜಾಗ ಗಿಟ್ಟಿಸುತ್ತಿದ್ದವು. ಓಟ ಶುರುವಾಗಿ ಕೆಲವೇ ಸುತ್ತು ಆದ ಮೇಲೆ ಬ್ರೇಕ್ ಎಂದೋ ವೈಬ್ರೇಶನ್ ಎಂದೋ ಕಾರಣ ಹೇಳಿ ಕಾರನ್ನು ಗ್ಯಾರೇಜಿಗೆ ತಂದುಬಿಡುತ್ತಿದ್ದವು. ನಾಚಿಕೆಗೇಡು ಎಂದು ಬರೆದವರಿದ್ದಾರೆ. ಪ್ರೇಕ್ಷಕರಿಗೆ ಮೋಸ ಎಂದವರಿದ್ದಾರೆ.

ನಾನು ಹಾಗೆ ಹೇಳಲಾರೆ. ಲೆಕ್ಕ ನೋಡಿ. ಒಂದು ಸೆಟ್ ರೇಸ್ ಟಯರಿಗೆ ಆಗ ಸುಮಾರು 2,000 ಡಾಲರ್, ಉದ್ದದ ಓಟಕ್ಕೆ ಹತ್ತರ ಆಸುಪಾಸು ಸೆಟ್ ಬೇಕು. ಎಂಜಿನನ್ನು ಪೂರ್ತಿ ದೂರ ಓಡಿಸಿದರೆ ಮತ್ತೆ ಬಿಚ್ಚಿ ಕಟ್ಟಬೇಕು. ಓಟದ ನಡುವೆ ಕಾರು ನಿಲ್ಲಿಸುವ ಜಾಗವಾದ ಪಿಟ್ಟಿನಲ್ಲಿ ಚಕ್ರ ಬದಲಿಸುವವರನ್ನು ಬಾಡಿಗೆಗೆ ತರಬೇಕು. ಟ್ರ್ಯಾಕಿನ ಮೇಲೆ ಎತ್ತರದಲ್ಲಿ ನಿಂತು ರೇಡಿಯೋದಲ್ಲಿ ಎಡ ಬಲ ಹೇಳುವ ಸ್ಪಾಟರಿಗೆ ದುಡ್ಡು ಕೊಡಬೇಕು. ಪೂರ್ತಿ ಓಡಿಸಿ 38ನೇ ಸ್ಥಾನ ಪಡೆದರೆ ಕೈಯಿಂದ ಕಳೆದುಕೊಳ್ಳುವುದೇ ಹೆಚ್ಚು. ನಿಲ್ಲಿಸಿದರೆ ಮುಂದಿನ ವಾರ ಬರಲಿಕ್ಕೆ ದಾರಿಯಾದರೂ ಇದೆ. ಕಪ್ ಸರಣಿಯಲ್ಲಿ ನಾಲ್ಕು ಓಟ ಗೆದ್ದ ಜೋ ನೆಮಚೆಕ್ ತನ್ನದೇ ತಂಡದ 87ನೇ ನಂಬರಿನ ಕಾರನ್ನು ಎಷ್ಟೋ ಭಾನುವಾರ ಹೀಗೆ ನಿಲ್ಲಿಸಬೇಕಾಯಿತು. ಗೆದ್ದು ರೂಢಿಯಿದ್ದ ಮನುಷ್ಯ ಇನ್ನೂ ಓಡಬಲ್ಲ ಕಾರನ್ನು ಗ್ಯಾರೇಜಿಗೆ ತಿರುಗಿಸುವಾಗ ಹೊಟ್ಟೆಯಲ್ಲಿ ಎಷ್ಟು ಸಂಕಟವಾಗಿರಬೇಡ!

ಹಾಗೆ ನಿಲ್ಲಿಸುತ್ತಿದ್ದವರಲ್ಲಿ ಮೈಕೆಲ್ ಮ್ಯಾಕ್‌ಡವೆಲ್ ಎಂಬವರೂ ಇದ್ದರು. 2008ರಲ್ಲಿ ಟೆಕ್ಸಸ್ ಟ್ರ್ಯಾಕಿನ ಅರ್ಹತಾ ಸುತ್ತಿನಲ್ಲಿ ಗೋಡೆಗೆ ಬಡಿದು ಪಲ್ಟಿ ಮೇಲೆ ಪಲ್ಟಿ ಹೊಡೆದ ಕಾರಿನಿಂದ ತಾನೇ ಹೊರಗೆ ಬಂದವರು. ಆಮೇಲಿನ ವರ್ಷಗಳಲ್ಲಿ ಸಿಕ್ಕಿದ ಸೀಟು ಹೆಚ್ಚಾಗಿ ಇಂಥದ್ದೇ, ನಾಲ್ಕು ಸುತ್ತು ಓಡಿಸಿ ನಿಲ್ಲಿಸುವಂಥದ್ದು. ಅವರು ಬಿಡಲಿಲ್ಲ. 2021ರ ಡೇಟೋನಾ 500, ಈ ಸರಣಿಯ ಅತಿ ದೊಡ್ಡ ಓಟ, ಅದರ ಕೊನೆಯ ಸುತ್ತು. ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ತಾಗಿ ಬೆಂಕಿ ಎದ್ದಿತು, ಮ್ಯಾಕ್‌ಡವೆಲ್ ನಡುವಿನಿಂದ ನುಗ್ಗಿ ಹೋದರು. ಅದು ಕಪ್ ಸರಣಿಯಲ್ಲಿ ಅವರ 358ನೇ ಓಟ, ಮೊದಲ ಗೆಲುವು. ಎಂಜಿನ್ನಿನ ಮಿತಿಯೂ 358, ಈ ಓಟವೂ 358. ಸುಮ್ಮನೆ ಕೂಡಿ ಬಂದ ಅಂಕೆ, ಆದರೂ ನನಗೆ ಮರೆಯುವುದಿಲ್ಲ. ನಿಲ್ಲಿಸಿದ ಆ ದಿನಗಳ ದುಡ್ಡು ಇಲ್ಲದಿದ್ದರೆ ಅವರು ಈ ಅಂಕೆ ಮುಟ್ಟುವ ತನಕ ಉಳಿಯುತ್ತಿದ್ದರೇ?

2016ರಲ್ಲಿ ಚಾರ್ಟರ್ ಪದ್ಧತಿ ಬಂತು. ಈಗ ಓಟಕ್ಕೆ ಸಾಮಾನ್ಯವಾಗಿ ಹೆಚ್ಚೆಂದರೆ 40 ಕಾರು, ಅದರಲ್ಲಿ 36 ಚಾರ್ಟರ್ ಇರುವ ತಂಡಗಳಿಗೆ ಖಾಯಂ. ಉಳಿದ ನಾಲ್ಕರಲ್ಲಿ ಮಾತ್ರ ಹೊರಗಿನವರಿಗೆ ಅವಕಾಶ. ಬಹುಮಾನದ ವಿವರ ಬಹಿರಂಗ ಮಾಡುವುದನ್ನೂ ಅಲ್ಲಿಂದ ನಿಲ್ಲಿಸಿದರು. ಸ್ಟಾರ್ಟ್ ಆಂಡ್ ಪಾರ್ಕ್ ಹೋಯಿತು, ಜೊತೆಗೆ ಸಣ್ಣವರ ದಾರಿಯೂ ಕಿರಿದಾಯಿತು.

ಇನ್ನೊಂದು ಕಷ್ಟವನ್ನು ಹೇಳದಿದ್ದರೆ ಆಗದು. ಖಾಯಂ ಚಾಲಕನಿಗೆ ಹುಷಾರಿಲ್ಲದಾಗ, ಅಥವಾ ಯಾರದ್ದೋ ಸ್ಪಾನ್ಸರ್ ದುಡ್ಡು ಒಂದೇ ಓಟಕ್ಕೆ ಸಿಕ್ಕಾಗ, ಪಾರ್ಟ್ ಟೈಮಿನವನಿಗೆ ಫೋನ್ ಬರುತ್ತದೆ. ನಮ್ಮ ಭಾವನೊಬ್ಬ ಹಗಲು ಶಾಲೆಯಲ್ಲಿ ಮೇಷ್ಟ್ರು, ಯಕ್ಷಗಾನದಲ್ಲಿ ಹವ್ಯಾಸಿ ವೇಷಧಾರಿ. ಮೇಳದ ಕಲಾವಿದರೊಬ್ಬರು ತಪ್ಪಿದ ರಾತ್ರಿ ಅವನಿಗೆ ಕರೆ ಬರುವುದುಂಟು. ಚೌಕಿಗೆ ಹೋಗಿ ಬೇರೆಯವರ ಅಳತೆಯ ವೇಷ ಕಟ್ಟಿಸಿಕೊಳ್ಳಬೇಕು. ಭಾಗವತರ ಚಾಲು ಗೊತ್ತಿಲ್ಲ, ಎದುರಿನ ವೇಷ ಯಾವ ಅರ್ಥ ಎತ್ತುತ್ತದೋ ಗೊತ್ತಿಲ್ಲ, ಆದರೂ ರಂಗಸ್ಥಳಕ್ಕೆ ಹೊಕ್ಕ ಮೇಲೆ ಸಭೆ ಕೇಳುವುದು ಪಾತ್ರವನ್ನು. ಆ ಚಾಲಕನ ಪಾಡೂ ಅದೇ. ಸೀಟು ಇನ್ನೊಬ್ಬನ ಮೈಗೆ ಅಚ್ಚು ಹಾಕಿದ್ದು, ಪಕ್ಕೆಗೆ ಒತ್ತುತ್ತದೆ. ಪೆಡಲಿನ ದೂರ ಬೇರೆ. ರೇಡಿಯೋದಲ್ಲಿ ಕೇಳುವ ದನಿ ಹೊಸದು. ಕಾರು ತಿರುವಿನಲ್ಲಿ ಹಿಂದೆ ಜಾರುತ್ತದೆಯೋ ಮುಂದೆ ತಳ್ಳುತ್ತದೆಯೋ ಎಂದು ಅವನು ಹೇಳುವ ಮಾತು ಕ್ರೂ ಚೀಫಿಗೆ ಅರ್ಥವಾಗುವಷ್ಟರಲ್ಲಿ ಅರ್ಧ ಓಟ ಮುಗಿದಿರುತ್ತದೆ. ಒಳಗೆ 50 ಡಿಗ್ರಿಗೂ ಮಿಕ್ಕಿದ ಸೆಕೆ, ಮೂರು ಗಂಟೆ. ವಾರ ವಾರ ಓಡಿಸುವವನ ಮೈ ಅದಕ್ಕೆ ಒಗ್ಗಿರುತ್ತದೆ, ಇವನದ್ದು ಒಗ್ಗಿರುವುದಿಲ್ಲ.

ಕಾರು ಒಂದೇ ಇದ್ದವರ ಪಾಡು ಇನ್ನೂ ಕಷ್ಟ. 2015ರ ಫೆಬ್ರವರಿಯಲ್ಲಿ ಅಟ್ಲಾಂಟಾ ಓಟಕ್ಕೆ ಟ್ರಾವಿಸ್ ಕ್ವಾಪಿಲ್ ಓಡಿಸಬೇಕಿದ್ದ ಕಾರನ್ನು ಹೋಟೆಲಿನ ಪಾರ್ಕಿಂಗಿನಿಂದ ಟ್ರೈಲರ್ ಸಮೇತ ಕದ್ದೊಯ್ದರು. ಮರುದಿನ ರಸ್ತೆ ಬದಿಯಲ್ಲಿ ಸಿಕ್ಕಿತು, ಆದರೆ ಅಷ್ಟರಲ್ಲಿ ಅರ್ಹತಾ ಸುತ್ತು ಮುಗಿದಿತ್ತು, ತಂಡ ಹಿಂದೆ ಸರಿದಿತ್ತು. ದೊಡ್ಡ ತಂಡದವರ ಲಾರಿಯಲ್ಲಿ ಬದಲಿ ಕಾರು ಇರುತ್ತದೆ. ಇವರಿಗೆ ಅದೊಂದೇ.

ಹಾಗಂತ ಪಾರ್ಟ್ ಟೈಮ್ ಎಂದರೆ ಬರೀ ದುಃಖದ ಕತೆ ಎಂದುಕೊಳ್ಳಬೇಡಿ. ಡೇವಿಡ್ ಪಿಯರ್ಸನ್ ಅವರ 1973ರ ಋತುವನ್ನು ನೋಡಿ. ಒಟ್ಟು 28 ಓಟ. ಪಿಯರ್ಸನ್ ಇಳಿದದ್ದು 18ಕ್ಕೆ, ಗೆದ್ದದ್ದು 11. ಚಾಂಪಿಯನ್ ಆದದ್ದು ಎಲ್ಲ 28 ಓಡಿಸಿ ಒಂದೇ ಒಂದು ಗೆದ್ದ ಬೆನ್ನಿ ಪಾರ್ಸನ್ಸ್. ಪಾರ್ಸನ್ಸ್ ಅವರ ಗಟ್ಟಿತನಕ್ಕೆ ನನ್ನ ಗೌರವ ಇದೆ. ಆದರೆ ಆ ವರ್ಷದ ಉತ್ತಮ ಚಾಲಕ ಯಾರು ಎಂದು ಕೇಳಿದರೆ ನಾನು ಎರಡು ಸಲ ಯೋಚಿಸುವುದಿಲ್ಲ. ಪಿಯರ್ಸನ್ ಜೀವಮಾನದಲ್ಲಿ 574 ಓಟಗಳಲ್ಲಿ 105 ಗೆದ್ದರು. ರಿಚರ್ಡ್ ಪೆಟಿ 200 ಗೆದ್ದದ್ದು 1,184 ಓಟಗಳಲ್ಲಿ. ಭಾಗಿಸಿ ನೋಡಿ, ಪಿಯರ್ಸನ್ ಅವರದ್ದೇ ಒಂದು ಕೂದಲೆಳೆ ಮುಂದೆ.

ಪಿಯರ್ಸನ್‌ಗೆ ಆ ಕಾರು ಕೊಟ್ಟವರು ವುಡ್ ಬ್ರದರ್ಸ್. ವರ್ಜೀನಿಯಾದ ಸ್ಟುವರ್ಟ್ ಎಂಬ ಸಣ್ಣ ಊರಿನ ಅಣ್ಣತಮ್ಮಂದಿರು, 1950ರಲ್ಲಿ ಶುರು ಮಾಡಿದ ತಂಡ, ಇವತ್ತಿಗೂ ಇದೆ. ಗ್ಲೆನ್ ವುಡ್ ಮರದ ಕೆಲಸ ಮಾಡಿಕೊಂಡೇ ರೇಸಿಗೆ ಬಂದವರು. ತಮ್ಮ ಲಿಯೊನಾರ್ಡ್ ಎಂಜಿನ್ ಮತ್ತು ಪಿಟ್ಟಿನ ಮಾಂತ್ರಿಕ. ಓಟದ ನಡುವೆ ಕಾರು ನಿಲ್ಲಿಸಿದಾಗ ಯಾರು ಜಾಕ್ ಹಾಕಬೇಕು, ಯಾರು ಯಾವ ಚಕ್ರಕ್ಕೆ ಹೋಗಬೇಕು ಎಂದು ಕವಾಯತಿನ ಹಾಗೆ ಕಲಿಸಿದ ತಂಡ ಇದು. 1965ರಲ್ಲಿ ಇಂಡಿಯಾನಾಪೊಲಿಸ್ 500ಕ್ಕೆ ಜಿಮ್ ಕ್ಲಾರ್ಕ್ ಅವರ ಪಿಟ್ ಕೆಲಸಕ್ಕೆ ಇವರನ್ನೇ ಕರೆಸಿದರು, ಕ್ಲಾರ್ಕ್ ಗೆದ್ದರು. ಅಂಥ ತಂಡಕ್ಕೂ ಇಡೀ ಋತುವಿನ ದುಡ್ಡು ಹುಟ್ಟದ ಕಾಲ ಬಂತು. 2009ರಿಂದ ಆಯ್ದ ಓಟಗಳಿಗಷ್ಟೇ ಬಂದರು.

2011ರ ಫೆಬ್ರವರಿ 20, ಡೇಟೋನಾ 500. ವುಡ್ ಬ್ರದರ್ಸ್‌ನ 21ನೇ ನಂಬರಿನ ಕಾರಿನಲ್ಲಿ ಟ್ರೆವರ್ ಬೇಯ್ನ್ ಎಂಬ ಹುಡುಗ. ಹಿಂದಿನ ದಿನವಷ್ಟೇ ಇಪ್ಪತ್ತು ತುಂಬಿತ್ತು. ಕಪ್ ಸರಣಿಯಲ್ಲಿ ಅವನಿಗದು ಎರಡನೇ ಓಟ. ಡೇಟೋನಾದ ತಿರುವುಗಳು 31 ಡಿಗ್ರಿ ವಾಲಿದ ಗೋಡೆಗಳು, ಎರಡೂವರೆ ಮೈಲಿಯ ಸುತ್ತು. ಆ ವರ್ಷ ಇಬ್ಬಿಬ್ಬರು ಜೋಡಿಯಾಗಿ, ಹಿಂದಿನವನು ಮುಂದಿನವನ ಬಂಪರನ್ನು ಒತ್ತಿಕೊಂಡು ಓಡುವ ಕ್ರಮ ಇತ್ತು. ಹೊಸ ಹುಡುಗನನ್ನು ನಂಬಿ ಯಾರು ಜೋಡಿಯಾಗುತ್ತಾರೆ? ಆದರೆ ಜೆಫ್ ಗಾರ್ಡನ್ ಅಂಥವರೇ ಅವನ ಜೊತೆ ಓಡಿ ನೋಡಿದ್ದರು, ನಂಬಿಕೆ ಇಟ್ಟಿದ್ದರು. ಬೇಯ್ನ್ ಕೊನೆಯ ಸುತ್ತಿನಲ್ಲಿ ಮುಂದೆ ಉಳಿದು ಗೆದ್ದ. ಡೇಟೋನಾ 500 ಗೆದ್ದ ಅತಿ ಕಿರಿಯ. ಹದಿನಾಲ್ಕು ಲಕ್ಷ ಡಾಲರಿಗೂ ಮಿಕ್ಕಿದ ಬಹುಮಾನ. ಚಾಂಪಿಯನ್‌ಶಿಪ್ ಅಂಕ ಮಾತ್ರ ಸೊನ್ನೆ, ಏಕೆಂದರೆ ಆ ವರ್ಷದಿಂದ ಚಾಲಕರು ಯಾವುದಾದರೂ ಒಂದೇ ಸರಣಿಯಲ್ಲಿ ಅಂಕ ಪಡೆಯಬೇಕಿತ್ತು, ಅವನು ಕೆಳಗಿನದನ್ನು ಆರಿಸಿಕೊಂಡಿದ್ದ. ಆಮೇಲೆ ಅವನಿಗೆ ಕಾಯಿಲೆ ಬಂತು, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು 2013ರಲ್ಲಿ ತಿಳಿಯಿತು. ಕೆಲವು ವರ್ಷ ಪೂರ್ತಿ ಓಡಿಸಿದ, ಮತ್ತೆ ಸೀಟು ಹೋಯಿತು. ಊರಿನಲ್ಲಿ ಕಾಫಿ ಅಂಗಡಿ ತೆರೆದ. 2022ರಲ್ಲಿ ಕೆಳಗಿನ ಸರಣಿಯಲ್ಲಿ ಪಾರ್ಟ್ ಟೈಮ್ ಆಗಿ ಮರಳಿದ.

ಜ್ಯಾನೆಟ್ ಗತ್ರಿ ಅವರ ಬಗ್ಗೆ ಪ್ರತ್ಯೇಕವೇ ಬರೆಯಬೇಕು, ಇಲ್ಲಿ ಸ್ವಲ್ಪ ಹೇಳುತ್ತೇನೆ. ಭೌತಶಾಸ್ತ್ರ ಓದಿ ವಿಮಾನ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ತನ್ನ ಜಾಗ್ವಾರ್ ಕಾರಿನ ಎಂಜಿನನ್ನು ತಾನೇ ಬಿಚ್ಚಿ ಕಟ್ಟಿ ರೇಸಿಗೆ ಇಳಿದವರು. 1976ರಲ್ಲಿ ಶಾರ್ಲೆಟ್‌ನ 600 ಮೈಲಿಯ ಓಟದಲ್ಲಿ 15ನೇ ಸ್ಥಾನ. ಹೆಂಗಸಿಗೆ ಅಷ್ಟು ದೂರ ಓಡಿಸಲು ತ್ರಾಣ ಇಲ್ಲ ಎಂದವರ ಬಾಯಿ ಅಲ್ಲಿಗೆ ಮುಚ್ಚಿತು. 1977ರ ಡೇಟೋನಾ 500ರಲ್ಲಿ ಕೊನೆಗೆ ಎರಡು ಸಿಲಿಂಡರ್ ಸತ್ತ ಎಂಜಿನ್ನಿನಲ್ಲೇ 12ನೇ ಸ್ಥಾನ. ಅದೇ ವರ್ಷ ಬ್ರಿಸ್ಟಲ್‌ನಲ್ಲಿ 6ನೇ ಸ್ಥಾನ. ನಾಲ್ಕು ಋತುಗಳಲ್ಲಿ ಒಟ್ಟು 33 ಓಟ, ಅಷ್ಟೇ. ಓಡಿಸಲು ಬರುವುದಿಲ್ಲವೆಂದು ಯಾರೂ ನಿಲ್ಲಿಸಿದ್ದಲ್ಲ, ಸ್ಪಾನ್ಸರ್ ಸಿಗದೆ ನಿಂತದ್ದು. ಆರು ಸಿಲಿಂಡರಿನಲ್ಲಿ ಓಡುವ ವಿ8 ಎಷ್ಟು ನಡುಗುತ್ತದೆ ಎಂದು ನನಗೆ ಗೊತ್ತು. ಅದನ್ನು ಡೇಟೋನಾದ ವೇಗದಲ್ಲಿ ಕೊನೆಮುಟ್ಟಿಸಿದ ಕೈಗಳಿಗೆ ನಾನು ನಮಸ್ಕಾರ ಮಾಡುತ್ತೇನೆ.

ಇವರೆಲ್ಲರ ನಡುವೆ ನಾನು ಮತ್ತೆ ಮತ್ತೆ ನೋಡುವ ಓಟ ಒಂದಿದೆ. 2013ರ ಜುಲೈ 24, ಒಹಾಯೊದ ಎಲ್ಡೋರಾ. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು. ನ್ಯಾಸ್ಕಾರಿನ ರಾಷ್ಟ್ರೀಯ ಸರಣಿಯೊಂದು 1970ರ ನಂತರ ಮೊದಲ ಸಲ ಮಣ್ಣಿಗೆ ಬಂದಿತ್ತು. ಪಿಕಪ್ ಟ್ರಕ್ಕಿನ ಆಕಾರದ ಗಾಡಿಗಳ ಓಟ. ಪೆನ್ಸಿಲ್ವೇನಿಯಾದ ನಾರ್ಮ್ ಬೆನ್ನಿಂಗ್, ವಯಸ್ಸು 61, ಸ್ವಂತ ತಂಡ, ಸ್ವಂತ ಟ್ರಕ್ಕು. ಮುಖ್ಯ ಓಟಕ್ಕೆ ಹೋಗಲು ಕೊನೆಯ ಅರ್ಹತಾ ಓಟ ನಡೆಯುತ್ತಿದೆ, ಅದರಲ್ಲೂ ಮುಂದೆ ಹೋಗಬಹುದಾದ ಕೊನೆಯ ಸ್ಥಾನದಲ್ಲಿ ಬೆನ್ನಿಂಗ್. ಹಿಂದೆ ಕ್ಲೇ ಗ್ರೀನ್‌ಫೀಲ್ಡ್, ಇನ್ನೂ ಹರೆಯದವರು. ಕೊನೆಯ ಸುತ್ತುಗಳಲ್ಲಿ ಗ್ರೀನ್‌ಫೀಲ್ಡ್ ಗುದ್ದುತ್ತಾರೆ. ಬೆನ್ನಿಂಗ್ ಗೋಡೆಗೆ ಉಜ್ಜಿಕೊಂಡೇ ಹೋಗುತ್ತಾರೆ. ಬಲಬದಿಯ ತಗಡು ಹರಿದು ನೇತಾಡುತ್ತದೆ. ಮತ್ತೆ ಗುದ್ದು, ಮತ್ತೆ ಗೋಡೆ, ಆದರೂ ಆಕ್ಸಿಲರೇಟರ್ ಬಿಡುವುದಿಲ್ಲ. ಪಿಟ್ಟಿನಲ್ಲಿ ನಿಂತಿದ್ದ ಬೇರೆ ಚಾಲಕರೇ ಕುಣಿಯುತ್ತಿದ್ದಾರೆ, ಇಡೀ ಸ್ಟ್ಯಾಂಡು ಎದ್ದು ನಿಂತಿದೆ. ಬೆನ್ನಿಂಗ್ ಆ ಸ್ಥಾನ ಉಳಿಸಿಕೊಂಡರು, ಕಿಟಕಿಯಿಂದ ಕೈ ಹೊರಗೆ ಹಾಕಿ ಎದುರಾಳಿಗೆ ತೋರಿಸಬಾರದ್ದನ್ನು ತೋರಿಸಿಯೂ ಬಿಟ್ಟರು. ಆ ರಾತ್ರಿಯ ಮುಖ್ಯ ಓಟ ಗೆದ್ದದ್ದು ಆಸ್ಟಿನ್ ಡಿಲ್ಲನ್. ಅದನ್ನು ನೆನಪಿಟ್ಟವರು ಕಡಿಮೆ.

ಗಾಡಿ ಸ್ವಂತದ್ದಾದರೆ ಚಾಲಕ ಗೋಡೆಗೆ ಹೆದರುತ್ತಾನೆ, ಅದು ಸಹಜ. ತಗಡು ಬಡಿಯುವವನೂ ಅವನೇ, ಬಿಲ್ಲು ಕಟ್ಟುವವನೂ ಅವನೇ. ಬೆನ್ನಿಂಗ್ ಅಷ್ಟೂ ಗೊತ್ತಿದ್ದು ಆ ಗೋಡೆಗೆ ಉಜ್ಜಿದರು. ಅದಕ್ಕೇ ಆ ಎರಡು ಮೂರು ಸುತ್ತುಗಳು ನನಗೆ ಯಾವ ಚಾಂಪಿಯನ್ನನ ಟ್ರೋಫಿಗಿಂತಲೂ ದೊಡ್ಡದಾಗಿ ಕಾಣುತ್ತವೆ.

ನಮ್ಮವರೂ ಒಬ್ಬರು ಅಲ್ಲಿ ಓಡಿಸಿದ್ದಾರೆ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ವನ್‌ನಲ್ಲಿ ಓಡಿಸಿದ್ದು ಎಲ್ಲರಿಗೂ ಗೊತ್ತು. 2010ರಲ್ಲಿ ನ್ಯಾಸ್ಕಾರಿನ ಟ್ರಕ್ ಸರಣಿಗೆ ಹೋದದ್ದು ಬಹಳ ಮಂದಿಗೆ ಗೊತ್ತಿಲ್ಲ. ಮೊದಲ ಓಟ ಮಾರ್ಟಿನ್ಸ್‌ವಿಲ್‌ನ ಅರ್ಧ ಮೈಲಿಯ ಟ್ರ್ಯಾಕಿನಲ್ಲಿ, 13ನೇ ಸ್ಥಾನ. ಆ ವರ್ಷ ಓಡಿಸಿದ್ದು ಒಂಬತ್ತೇ ಓಟ, ಅವರೂ ಪಾರ್ಟ್ ಟೈಮೇ. ವರ್ಷದ ಕೊನೆಗೆ ಅಭಿಮಾನಿಗಳ ಮತದಿಂದ ಆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಪ್ರಶಸ್ತಿ ಅವರಿಗೆ ಬಂತು.

ನನ್ನ ವರ್ಕ್‌ಶಾಪಿಗೆ ನೀರ್ಚಾಲು ಕಡೆಯ ಹುಡುಗನೊಬ್ಬ ಬರುತ್ತಾನೆ. ಅವನಿಗೆ ಕೆಲಸ ದುಬಾಯಿಯಲ್ಲಿ. ರಜೆಯನ್ನು ಮಳೆಗಾಲಕ್ಕೇ ಹಾಕುತ್ತಾನೆ, ಏಕೆಂದರೆ ಕೆಸರಿನಲ್ಲಿ ಜೀಪು ಓಡಿಸುವ ಸ್ಪರ್ಧೆಗಳು ಆಗ. ಹಳೆಯ ಜೀಪೊಂದನ್ನು ಅವನು ಅಲ್ಲಿಂದ ಕಳಿಸುವ ದುಡ್ಡಿನಲ್ಲಿ ನಾನು ಇಲ್ಲಿ ಕಟ್ಟುತ್ತಾ ಬಂದಿದ್ದೇನೆ. ಬೋರು ಮಾಡಿಸಿದ್ದು, ರೋಲ್ ಕೇಜ್ ಬಗ್ಗಿಸಿ ವೆಲ್ಡ್ ಮಾಡಿದ್ದು, ಡಿಫರೆನ್ಶಿಯಲ್ ಲಾಕ್ ಕೂರಿಸಿದ್ದು ಎಲ್ಲ ಇಲ್ಲೇ. ಅವನ ಅಮ್ಮನಿಗೆ ಇದು ಒಂದಿಷ್ಟೂ ಇಷ್ಟವಿಲ್ಲ. "ಮನೆಗೆ ಸ್ಲ್ಯಾಬ್ ಹಾಕುವ ಕಾಲಕ್ಕೆ ಇವ ಜೀಪಿಗೆ ಹಾಕುದಾ?" ಎಂದು ನನ್ನನ್ನೇ ಕೇಳಿದ್ದಾರೆ. ನಾನು "ಅಕ್ಕಾ, ಸ್ಲ್ಯಾಬೂ ಹಾಕುತ್ತಾನೆ" ಎಂದೆ. ಹಾಕಿದ್ದಾನೆ ಸಹ.

ಹೋದ ಸಲ ಬಂದಾಗ ಅವನು ಕೇಳಿದ, "ಅಣ್ಣಾ, ಇದನ್ನೇ ಕೆಲಸ ಮಾಡಿಕೊಂಡರೆ ಹೇಗೆ?" ನನಗೆ ತಿಳಿದದ್ದನ್ನು ಹೇಳಿದೆ. ಉತ್ತರ ಅಮೆರಿಕದ ಸ್ಟಾಕ್ ಕಾರ್ ಲೋಕದಲ್ಲೂ ಬಹುಪಾಲು ಮಂದಿಯ ಹೊಟ್ಟೆಪಾಡು ಬೇರೆಯೇ. ನಾರ್ತ್ ಕ್ಯಾರೊಲೈನಾದ ವಿನ್ಸ್ಟನ್ ಸೇಲಂನಲ್ಲಿ ಬೌಮನ್ ಗ್ರೇ ಕ್ರೀಡಾಂಗಣ ಇದೆ, ಫುಟ್‌ಬಾಲ್ ಮೈದಾನದ ಸುತ್ತ ಕಾಲು ಮೈಲಿಯ ಟ್ರ್ಯಾಕು, 1949ರಿಂದ ಅಲ್ಲಿ ನ್ಯಾಸ್ಕಾರ್ ಓಟ ನಡೆಯುತ್ತಿದೆ. ಅಲ್ಲಿನ ದೊರೆ ಟಿಮ್ ಬ್ರೌನ್, ಮಾಡಿಫೈಡ್ ವಿಭಾಗದಲ್ಲಿ 12 ಸಲ ಚಾಂಪಿಯನ್. ಅವರ ಸಂಬಳ ಬರುವುದು ಕಪ್ ತಂಡವೊಂದರ ವರ್ಕ್‌ಶಾಪಿನ ಕೆಲಸದಿಂದ. 2025ರ ಫೆಬ್ರವರಿಯಲ್ಲಿ ಕಪ್ ಸರಣಿಯ ಕ್ಲ್ಯಾಶ್, ಅಂದರೆ ಋತುವಿಗೆ ಮೊದಲು ಅಂಕವಿಲ್ಲದೆ ನಡೆಯುವ ಓಟ, ಆ ಕ್ರೀಡಾಂಗಣಕ್ಕೆ ಬಂದಾಗ ಅದೇ ತಂಡ ಅವರಿಗೆ ಕಾರು ಕೊಟ್ಟಿತು, ಐವತ್ತು ದಾಟಿದ ಮೇಲೆ. ಕೆಲಸ ಬಿಡಬೇಡ, ಜೀಪನ್ನೂ ಬಿಡಬೇಡ ಎಂದೆ. ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಅಥವಾ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ಟ್ರ್ಯಾಕಿಗೆ ಹೋಗಿ ಒಮ್ಮೆ ಡಾಮರಿನ ಮೇಲೆ ಕಲಿತು ಬಾ, ಕೆಸರಿನ ಕೈ ಬೇರೆ, ಡಾಮರಿನ ಕೈ ಬೇರೆ ಎಂದೂ ಹೇಳಿದೆ. ತಲೆ ಆಡಿಸಿದ. ಟ್ರ್ಯಾಕ್ ಶುಲ್ಕ ಎಷ್ಟು, ಸೂಟು ಹೆಲ್ಮೆಟ್ಟು ಬಾಡಿಗೆಗೆ ಸಿಗುತ್ತದಾ ಎಂದು ಈಗ ಅಲ್ಲಿಂದಲೇ ಫೋನು ಮಾಡಿ ವಿಚಾರಿಸುತ್ತಿದ್ದಾನೆ.

ಕಪ್ ಸರಣಿಯ ಭಾನುವಾರದ ಓಟಗಳು ನಮಗೆ ಹೆಚ್ಚಾಗಿ ನಡುರಾತ್ರಿ ಕಳೆದ ಮೇಲೆ. ಅಲ್ಲಿ ಮಧ್ಯಾಹ್ನ ಮೂರು ಎಂದರೆ ಬೇಸಿಗೆಯಲ್ಲಿ ನಮಗೆ 12:30. ಅದು ಎಲ್ಲರಿಗೂ ಆಗುವ ಮಾತಲ್ಲ. ಆದರೆ ಡೇಟೋನಾ 500ಕ್ಕೆ ಅರ್ಹತೆ ತೀರ್ಮಾನಿಸುವ ಡ್ಯುಯಲ್ ಓಟಗಳು ಹಾಗಲ್ಲ. ಫೆಬ್ರವರಿಯಲ್ಲಿ, 500ರ ಹಿಂದಿನ ಗುರುವಾರ ಸಂಜೆ ಏಳಕ್ಕೆ ಅಲ್ಲಿ, ನಮಗೆ ಶುಕ್ರವಾರ ಬೆಳಿಗ್ಗೆ 5:30ಕ್ಕೆ. ಎರಡು ಓಟ, ಒಂದೊಂದು 60 ಸುತ್ತು, 150 ಮೈಲಿ. ಚಾರ್ಟರ್ ಇಲ್ಲದ ಕಾರುಗಳಲ್ಲಿ ಅತಿ ವೇಗದ ಎರಡು ಹಿಂದಿನ ದಿನದ ಟೈಮಿಂಗಿನಲ್ಲೇ ಒಳಗೆ ಹೋಗಿರುತ್ತವೆ. ಉಳಿದ ಎರಡು ಸ್ಥಾನ ಈ ಡ್ಯುಯಲ್‌ಗಳಲ್ಲಿ ತೀರ್ಮಾನ, ಒಂದೊಂದರಿಂದ ಒಬ್ಬೊಬ್ಬರು. ಮುಂದೆ ಓಡುವವರನ್ನು ಬಿಟ್ಟು ಹದಿನೈದು ಹದಿನಾರನೇ ಸ್ಥಾನದ ಸುತ್ತ ಕಣ್ಣಿಡಿ, ನಿಜವಾದ ಜಗಳ ಅಲ್ಲಿರುತ್ತದೆ. ಬದಿಯಡ್ಕ, ಕುಂಬಳೆ, ಪೆರ್ಲದ ಆಸುಪಾಸಿನವರು ಯಾರಿಗಾದರೂ ನೋಡುವ ಮನಸ್ಸಿದ್ದರೆ ಆ ದಿನ ವರ್ಕ್‌ಶಾಪಿಗೆ ಬನ್ನಿ. ಶಟರ್ ಐದಕ್ಕೇ ಎತ್ತಿರುತ್ತೇನೆ, ಚಹಾ ಇರುತ್ತದೆ.